ಹೆಸರಿಲ್ಲದ ರೊಟ್ಟಿ

(ಲಿಂಗಸುಗೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ಶರಣು. ವೇದಿಕೆಯ ಮೇಲಿರುವ ಹಿರಿಯರಿಗೆ, ಹಿಂದೆ ಗೋಡೆಗೆ ಒರಗಿ ನಿಂತೇ ಕೇಳುತ್ತಿರುವ ಹುಡುಗರಿಗೆ, ಸಂಜೆಯ ಒಲೆ ಬಿಟ್ಟು ಬಂದು ಕೂತಿರುವ ತಾಯಂದಿರಿಗೆ ನನ್ನ ನಮಸ್ಕಾರ.

ಅಧ್ಯಾತ್ಮಕ್ಕೂ ಸಂಘಟಿತ ಧರ್ಮಕ್ಕೂ ಏನು ವ್ಯತ್ಯಾಸ ಎಂಬುದರ ಬಗ್ಗೆ ಮಾತಾಡಿ ಎಂದಿದ್ದೀರಿ. ಕಾಶಿ, ರೋಮ್, ಮಕ್ಕಾದಿಂದ ಶುರು ಮಾಡಬಹುದಾದ ವಿಷಯ ಇದು. ನಾನು ಇಲ್ಲೇ ಹತ್ತಿರದಿಂದ ಶುರು ಮಾಡುತ್ತೇನೆ. ನಿಮ್ಮ ತಾಲೂಕಿನ ಗುರುಗುಂಟಾದ ಹತ್ತಿರ ಅಮರೇಶ್ವರ ಇದೆ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಮಕ್ಕಳ ಜವಳ ತೆಗೆಸಿದ್ದೀರಿ, ಮದುವೆ ಮಾಡಿದ್ದೀರಿ. ಹನ್ನೆರಡನೆಯ ಶತಮಾನದಲ್ಲಿ ಆ ಊರಿಂದ ಒಬ್ಬ ಗಂಡ, ಒಬ್ಬ ಹೆಂಡತಿ ಕಲ್ಯಾಣಕ್ಕೆ ಹೊರಟರು. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ನನಗೆ ಗೊತ್ತಿರುವ ಉತ್ತರ ಬಹಳಮಟ್ಟಿಗೆ ಆ ಇಬ್ಬರ ಮನೆಯಲ್ಲಿದೆ.

ಅವರ ಕಾಯಕ ಅವರ ಹೆಸರಿನಲ್ಲೇ ಇದೆ. ಶರಣರ ಅಂಗಳದಲ್ಲಿ, ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನು ಹಸನು ಮಾಡಿ, ಅಡಿಗೆ ಮಾಡಿ, ಬಂದ ಜಂಗಮರಿಗೆ ಬಡಿಸಿ ತಾವು ಉಣ್ಣುತ್ತಿದ್ದರು. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಬೇಕಂತ ಹೆಚ್ಚು ಚೆಲ್ಲಿಸಿದ್ದರು ಅಂತ ಕಥೆ ಹೇಳುತ್ತಾರೆ. ಲಕ್ಕಮ್ಮ ಗಂಟು ಬಿಚ್ಚಿ ನೋಡಿದಳು, ಕೇಳಿದಳು: "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ." ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ಗಂಡನನ್ನು ವಾಪಸ್ ಕಳಿಸಿದಳು.

ಈ ಕಥೆಯನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಬಹಳ ವರ್ಷ ಇದನ್ನು ದುರಾಸೆ ಬೇಡ ಎಂಬ ನೀತಿಯ ಕಥೆ ಅಂತಲೇ ಹೇಳಿದೆ. ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಹೆಚ್ಚಿನ ಅಕ್ಕಿ ಅವರ ಹೊಟ್ಟೆಗೆ ತಂದದ್ದಲ್ಲ, ದಾಸೋಹಕ್ಕೆ ತಂದದ್ದು. ದೇವರ ಕೆಲಸದ್ದು. ಹೆಚ್ಚಿದ್ದರೆ ಇನ್ನೂ ಹತ್ತು ಜನಕ್ಕೆ ಬಡಿಸಬಹುದಿತ್ತು. ಆದರೂ ಆಕೆ ಬೇಡ ಅಂದಳು. "ಹೆಚ್ಚು ಬಂದರೆ ಬರಲಿ ಬಿಡ್ರಿ, ದೇವರ ಕೆಲಸಕ್ಕೇ ಅಲ್ಲೇನು" ಎಂಬ ಮಾತು ನಾವು ಎಷ್ಟು ಸಲ ಕೇಳಿಲ್ಲ? ಯಾವುದೇ ಮಠ, ಮಂದಿರ, ಮಸೀದಿ, ಚರ್ಚು ದೊಡ್ಡದಾಗಲು ಹೊರಟಾಗ ಬರುವ ಮೊದಲ ಮಾತೇ ಅದು. ಲಕ್ಕಮ್ಮ ಆ ಮಾತು ಹುಟ್ಟುವ ಹೊಸ್ತಿಲಲ್ಲೇ ನಿಂತು ಬಾಗಿಲು ಹಾಕಿಬಿಟ್ಟಳು.

ಪದಗಳ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಧರ್ಮ ಅಂದರೆ ಏನು? ಬಸ್ ಸ್ಟ್ಯಾಂಡಿನಲ್ಲಿ ಕೈಚಾಚಿದ ಮುದುಕಿ "ಧರ್ಮ ಮಾಡ್ರೀ ಯಪ್ಪಾ" ಅನ್ನುತ್ತಾಳೆ. ಧರ್ಮಛತ್ರ ಅನ್ನುತ್ತೇವೆ. "ಧರ್ಮಕ್ಕ ಬಂದೈತೇನು" ಅಂದರೆ ಬೆಲೆ ಕೊಡದೆ ಬಂತೇನು ಅಂತ ಅರ್ಥ. ಜನರ ಬಾಯಲ್ಲಿ ಧರ್ಮ ಎಂಬುದು ಮಾಡುವ ಕೆಲಸ, ಕೊಡುವ ಕೆಲಸ. ಅದೇ ಮಗುವನ್ನು ಶಾಲೆಗೆ ಹಚ್ಚಲು ಹೋದರೆ ಅರ್ಜಿಯಲ್ಲಿ "ಧರ್ಮ" ಅಂತ ಬರೆದು ಮುಂದೆ ಚುಕ್ಕಿ ಇಟ್ಟಿರುತ್ತಾರೆ, ಅದರ ಕೆಳಗೆ "ಜಾತಿ" ಅಂತ. ಅಲ್ಲಿ ಧರ್ಮ ಅಂದರೆ ನೀನು ಯಾರ ಪೈಕಿ ಎಂಬ ಗುರುತು. ಒಂದು ಪದ ಹೀಗೆ ಎರಡು ದಾರಿ ಹಿಡಿದಿದೆ. ಇನ್ನು ಅಧ್ಯಾತ್ಮ ಎಂಬ ಪದವನ್ನು ನಮ್ಮ ಹಳ್ಳಿಯಲ್ಲಿ ನಾನು ಕೇಳಿಯೇ ಇಲ್ಲ. ರಾತ್ರಿ ತತ್ವಪದ ಹಾಡುವವರು ಅನುಭಾವ ಅನ್ನುತ್ತಾರೆ. "ಆತ ಭಾಳ ಅನುಭಾವಿ ಮನಷ್ಯಾ" ಅಂತ ಕುರಿ ಕಾಯುವವನ ಬಗ್ಗೆಯೂ ಹೇಳುತ್ತಾರೆ, ಅಕ್ಷರ ಬಾರದ ಮುದುಕಿಯ ಬಗ್ಗೆಯೂ ಹೇಳುತ್ತಾರೆ. ಮಠಕ್ಕೆ ಪಟ್ಟ ಕಟ್ಟುತ್ತಾರೆ. ಅನುಭಾವಕ್ಕೆ ಯಾರೂ ಪಟ್ಟ ಕಟ್ಟುವುದಿಲ್ಲ.

ಈಗ ಮಾರಯ್ಯನ ವಚನಕ್ಕೆ ಬರುತ್ತೇನೆ. ಕಾಯಕವೇ ಕೈಲಾಸ ಎಂಬ ಮಾತನ್ನು ನಾವು ಸರ್ಕಾರಿ ಕಚೇರಿಯ ಗೋಡೆಯ ಮೇಲೆ, ಬಸ್ಸಿನ ಹಿಂದೆ ಎಲ್ಲಾ ಬರೆಸಿದ್ದೇವೆ. ಅದು ಮಾರಯ್ಯನ ವಚನದಿಂದ ಬಂದದ್ದು. ಅದರ ಹಿಂದಿನ ಸಾಲುಗಳನ್ನು ಮಾತ್ರ ಯಾರೂ ಬರೆಸುವುದಿಲ್ಲ:

"ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು."

ಗುರು, ಲಿಂಗ, ಜಂಗಮ. ಶರಣಧರ್ಮದ ಮೂರು ಕಂಬ. ಆ ಮೂರನ್ನೂ ಮರೆಯಬೇಕು ಅನ್ನುತ್ತಾನೆ, ಅದೂ ಆ ಧರ್ಮದ ಒಳಗೇ ನಿಂತು, ಆ ಧರ್ಮ ಇನ್ನೂ ಬಿಸಿಯಾಗಿದ್ದಾಗ. ನನ್ನ ಇಡೀ ಮಾತು ಈ "ಮರೆಯಬೇಕು" ಎಂಬ ಒಂದು ಪದದ ಮೇಲೆ ನಿಂತಿದೆ.

ನನಗೆ ಕಾಣುವುದು ಇಷ್ಟು. ಸಂಘಟಿತ ಧರ್ಮದ ಕೆಲಸ ನೆನಪಿಡುವುದು. ಯಾವ ಗುರುವಿನ ನಂತರ ಯಾವ ಗುರು, ಯಾವ ತಿಥಿಗೆ ತೇರು, ಪಲ್ಲಕ್ಕಿ ಯಾವ ಓಣಿಯಿಂದ ಹೊರಡಬೇಕು, ಮೊದಲ ತೀರ್ಥ ಯಾವ ಮನೆತನಕ್ಕೆ, ಇನಾಮು ಹೊಲ ಎಷ್ಟು ಎಕರೆ, ಯಾರು ಒಳಗೆ, ಯಾರು ಹೊರಗೆ. ಎಲ್ಲವನ್ನೂ ಅದು ನೆನಪಿಡುತ್ತದೆ. ಅನುಭಾವದ ಕೆಲಸ ಮರೆಯುವುದು. ಕೊಟ್ಟದ್ದನ್ನು ಮರೆಯುವುದು, ಯಾರಿಗೆ ಕೊಟ್ಟೆ ಎಂಬುದನ್ನು ಮರೆಯುವುದು, ಕೊನೆಗೆ ಕೊಟ್ಟವನು ನಾನು ಎಂಬುದನ್ನೂ ಮರೆಯುವುದು.

ಹಾಗಾದರೆ ನೆನಪು ಕೆಟ್ಟದ್ದು, ಮರೆವು ಒಳ್ಳೆಯದು ಅಂತ ಹೇಳಿ ಕೂತುಬಿಡಲು ನನಗೆ ಆಗುವುದಿಲ್ಲ. ಈಗ ಓದಿದ ಮಾರಯ್ಯನ ಸಾಲು ನನ್ನ ಕೈಗೆ ಹೇಗೆ ಬಂತು? ಕಲ್ಯಾಣ ಚದುರಿಹೋಯಿತು, ಶರಣರು ದಿಕ್ಕಾಪಾಲಾದರು. ಆಮೇಲಿನ ನೂರಾರು ವರ್ಷ ತಾಳೆಗರಿಯ ಮೇಲೆ ಆ ಮಾತುಗಳನ್ನು ಮತ್ತೆ ಮತ್ತೆ ನಕಲು ಮಾಡಿ, ಹುಳ ಹಿಡಿಯದಂತೆ ಬಟ್ಟೆಯಲ್ಲಿ ಸುತ್ತಿ, ಪೂಜೆಯ ಜಗಲಿಯ ಮೇಲೆ ಇಟ್ಟವರು ಮಠದವರು, ಮಠದ ಒಕ್ಕಲಿನ ಮನೆಯವರು. ಎಷ್ಟೋ ಮನೆಗಳಲ್ಲಿ ಆ ಕಟ್ಟಿನೊಳಗೆ ಏನಿದೆ ಅಂತ ಓದಲು ಬರುತ್ತಿರಲಿಲ್ಲ, ಆದರೂ ವಿಭೂತಿ ಹಚ್ಚಿ ಕಾಯ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅಂಥ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಕಲನ ಅಚ್ಚಾಯಿತು. ಮರೆಯಬೇಕು ಎಂದವನ ಮಾತನ್ನು ನೆನಪಿಡುವವರು ಉಳಿಸಿದರು. ಈ ಋಣವನ್ನು ಒಪ್ಪಿಕೊಳ್ಳದೆ ಮಠಗಳ ಮೇಲೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಕಾಯುವವರು ಓದುವುದನ್ನು ಬಿಟ್ಟರೆ ಏನಾಗುತ್ತದೆ? ಅದಕ್ಕೂ ಸಾಕ್ಷಿ ನಮ್ಮ ನೆಲದಲ್ಲೇ ಇದೆ. ಮಸ್ಕಿಯ ಗುಡ್ಡಕ್ಕೆ ಹೋಗಿದ್ದೀರಲ್ಲ? 1915ರಲ್ಲಿ ಬೀಡನ್ ಎಂಬ ಇಂಗ್ಲಿಷ್ ಎಂಜಿನಿಯರ್ ಬಂಗಾರದ ಅದಿರು ಹುಡುಕುತ್ತ ಬಂದವನು ಅಲ್ಲಿ ಬಂಡೆಯ ಮೇಲೆ ಅಕ್ಷರ ಕಂಡ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೇವಾನಾಂಪ್ರಿಯ ಎಂಬ ಬಿರುದಿನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು. ಆ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಕಂಡದ್ದು ಮೊದಲು ಇಲ್ಲಿ, ನಮ್ಮ ಮಸ್ಕಿಯಲ್ಲಿ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಬಂಡೆ ಹೇಳುವುದೇನು? ಧರ್ಮದಲ್ಲಿ ನಿರತನಾದರೆ ಚಿಕ್ಕವನೂ ಇದನ್ನು ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಇದು ದಕ್ಕುತ್ತದೆ ಎಂದು ತಿಳಿಯಬಾರದು. ತಿರುಳು ಅಷ್ಟೇ. ಯಾವ ದೇವರ ಹೆಸರೂ ಇಲ್ಲ, ಪೂಜೆಯ ವಿಧಾನವಿಲ್ಲ. ಇದೇ ಮಾತು ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಇದೆ, ಪಾಲ್ಕಿಗುಂಡಿನಲ್ಲೂ ಇದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ನಾವು ಮೂರು ಜಿಲ್ಲೆಯವರು ಈ ಮಾತಿನ ಮೇಲೆಯೇ ಉಳುತ್ತ, ಬಿತ್ತುತ್ತ, ಕುರಿ ಮೇಯಿಸುತ್ತ ಬಂದಿದ್ದೇವೆ. ಓದಲು ಮಾತ್ರ ಬರುತ್ತಿರಲಿಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಇನ್ನೂ ಮನಸ್ಸು ಕಲಕುವಂಥದ್ದು ನಡೆದಿದೆ. ಅಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ. ಮೂರ್ತಿ ನಿಲ್ಲಿಸಲು ಆ ಕಲ್ಲಿನ ನಡುವೆ ತೂತು ಕೊರೆದಿದ್ದರು. ಅದರಲ್ಲಿರುವ ಶಾಸನಗಳಲ್ಲಿ ಒಂದು, ತನ್ನ ಮತವನ್ನು ಹೊಗಳಿ ಇನ್ನೊಬ್ಬರ ಮತವನ್ನು ಜರಿಯುವವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆ ಎಂದು ಹೇಳುವ ಶಾಸನ. ತೂತು ಕೊರೆದ ಕಲ್ಲುಕುಟಿಗನದು ಏನೂ ತಪ್ಪಿಲ್ಲ, ಆತನಿಗೆ ಅದು ಒಳ್ಳೆಯ ಚಪ್ಪಟೆ ಕಲ್ಲು. ಎಷ್ಟು ತಲೆಮಾರು ಜನ ಆ ಮಾತಿನ ಮೇಲೆ ಹೂವು ಏರಿಸಿ ಕೈ ಮುಗಿದಿದ್ದಾರೋ.

ಈಗ ನೋವಿನ ಮಾತಿಗೆ ಬರಬೇಕು. ನೆನಪು ಯಾವಾಗ ವಿಷವಾಗುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಒಬ್ಬ ತಂದೆ ಮಗುವಿನ ಹುಟ್ಟುಹಬ್ಬ ಅಂತ ಹನುಮಪ್ಪನ ಗುಡಿಯ ಮುಂದೆ ಬಂದು ನಿಂತಿದ್ದ. ದಲಿತ ಕುಟುಂಬ. ಹೊರಗೇ ನಿಂತು ಕೈ ಮುಗಿಯುವುದು ರೂಢಿ. ಮಳೆ ಬಂತು. ಎರಡು ವರ್ಷದ ಮಗು ಓಡಿ ಗುಡಿಯೊಳಗೆ ಹೋಯಿತು. ಗುಡಿ ಶುದ್ಧಿ ಮಾಡಿಸಬೇಕು ಅಂತ ಇಪ್ಪತ್ತು ಸಾವಿರಕ್ಕೂ ಮೇಲೆ ದಂಡ ಹೇಳಿದರು. ಆಮೇಲೆ ಅಧಿಕಾರಿಗಳು ಬಂದರು, ಪೊಲೀಸರು ಬಂದರು, ಕೇಸಾಯಿತು. ನನ್ನ ಮನಸ್ಸು ನಿಂತಿರುವುದು ಆ ಮಗುವಿನ ಹತ್ತಿರ. ಎರಡು ವರ್ಷದ ಕೂಸಿಗೆ ತನ್ನ ಜಾತಿ ಗೊತ್ತಿಲ್ಲ. ಮಳೆ ಬಂದರೆ ಮಾಳಿಗೆಯ ಕೆಳಗೆ ಓಡಬೇಕು ಎಂಬುದು ಗೊತ್ತು. ಆ ಕ್ಷಣದಲ್ಲಿ ಗುಡಿಯನ್ನು ಗುಡಿಯಾಗಿ ಬಳಸಿದ್ದು ಆ ಮಗು ಒಂದೇ. ಮಗುವಿಗೆ ಗೊತ್ತಿಲ್ಲದ್ದನ್ನು ಊರು ನೆನಪಿಟ್ಟುಕೊಂಡಿತ್ತು.

ಇನ್ನೊಂದು ಇದೆ. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆಯುವಾಗ ಒಬ್ಬ ಹುಡುಗಿ ತಂದೆಯ ಹೆಸರು ಕೇಳಿದರೆ ತಲೆ ತಗ್ಗಿಸಿದಳು. ಪಕ್ಕದ ಹುಡುಗಿ ಎದ್ದು "ಆಕಿ ಅವ್ವಗ ಮುತ್ತು ಕಟ್ಯಾರ್ರಿ" ಅಂದಳು. ನಾನು ಬರೆಯುತ್ತಿದ್ದ ಪೆನ್ನು ಹಾಗೇ ನಿಂತಿತು. ಬಡ ದಲಿತ ಕುಟುಂಬದ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವಿಗೆ ಬಿಡುವ ದೇವದಾಸಿ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾನೂನು ಮಾಡಿತು. ಕಾನೂನು ಬಂದ ಮೇಲೂ ನಮ್ಮ ಮೂರೂ ಜಿಲ್ಲೆಗಳಲ್ಲಿ ಮುತ್ತು ಕಟ್ಟುವುದು ಗುಟ್ಟಾಗಿ ನಡೆಯಿತು. ಬರಗಾಲದಲ್ಲಿ, ಕಾಯಿಲೆಯಲ್ಲಿ ಹೆತ್ತವರು ಹೊತ್ತ ಹರಕೆಯನ್ನು ಮಗಳು ಮೈಯಿಂದ ತೀರಿಸಬೇಕಾಯಿತು. ಹರಕೆಯ ಹಿಂದೆ ದೇವಿಯ ಮೇಲಿನ ಭಕ್ತಿ ಇರಲಿಲ್ಲವೇ ಅಂದರೆ, ಇತ್ತು. ತಾಯಿಯ ಕಣ್ಣೀರೂ ನಿಜವಾಗಿತ್ತು. ಆದರೆ ಆ ಭಕ್ತಿಯನ್ನು ಹಿಡಿದು ಆಕೆಯ ಮಗಳನ್ನು ಉಳ್ಳವರ ಮನೆಗೆ ಕಳಿಸುವ ಏರ್ಪಾಡನ್ನು ಯಾರೋ ಕಟ್ಟಿದ್ದರು, ಕಟ್ಟಿ ಕಾಯ್ದಿದ್ದರು. ಆ ಹುಡುಗಿಯ ಹೆಸರಿನ ಮುಂದೆ ನಾನು ಆಕೆಯ ಅವ್ವನ ಹೆಸರು ಬರೆದೆ. ಅಷ್ಟೇ ನನ್ನಿಂದ ಆದದ್ದು.

ಮಾನ್ವಿಯ ಕಡೆ ಹೋಗೋಣ. ನಮ್ಮ ರಾಯಚೂರು ಜಿಲ್ಲೆ ಹರಿದಾಸರ ತವರು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರು, ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು, ಗೆಜ್ಜೆ ಕಟ್ಟಿ ಕುಣಿದುಕೊಂಡು, ಭಿಕ್ಷೆ ಬೇಡುವ ದಾಸರ ಬಗ್ಗೆ ಅವರಿಗೆ ಅಸಡ್ಡೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾಗಿಯೂ ಹೊಟ್ಟೆನೋವು ಹಿಡಿದು ಬಿಡಲಿಲ್ಲ. ಕೊನೆಗೆ ಗೋಪಾಲದಾಸರ ಬಳಿಗೆ ಹೋದರು, ಅವರು ತಮ್ಮ ಆಯುಷ್ಯದಲ್ಲಿ ಪಾಲು ಕೊಟ್ಟು ಉಳಿಸಿದರು ಎಂಬುದು ನಂಬಿಕೆ. ಪಂಡಿತರು ದಾಸರಾದರು. ತಂಬೂರಿ ಹಿಡಿದರು, ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದರು. ಈ ಕಥೆಯಲ್ಲಿ ನನಗೆ ಮುಖ್ಯ ಕಾಣುವುದು ಹೊಟ್ಟೆನೋವು ವಾಸಿಯಾದ ಪವಾಡಕ್ಕಿಂತ ಆ ಊಟದ ಪಂಕ್ತಿ. ಯಾರ ಜೊತೆ ಕೂತು ಉಣ್ಣುವುದು ಎಂಬ ಲೆಕ್ಕ ಬಿಡಲಾಗದೆ ಒಬ್ಬ ದೊಡ್ಡ ಮನುಷ್ಯ ನರಳಿದರು. ಅದನ್ನು ಬಿಟ್ಟ ಮೇಲೆ ಅವರ ಬಾಯಿಗೆ ಕನ್ನಡ ಬಂತು. ಅವರು ತಮ್ಮ ಮತವನ್ನು ಬಿಡಲಿಲ್ಲ, ಕೊನೆಯತನಕ ಮಾಧ್ವರೇ. ಅನುಭಾವಕ್ಕೆ ಮನೆ ಬಿಟ್ಟು ಹೋಗಬೇಕಾಗಿಲ್ಲ. ಮನೆಯೊಳಗೇ ಇದ್ದು ಬಾಗಿಲು ತೆರೆದಿಟ್ಟರೂ ಆಗುತ್ತದೆ.

ಬಾಗಿಲು ತೆರೆದಿಟ್ಟದ್ದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಅಜ್ಜಿಯಲ್ಲಿ. ನಮ್ಮ ಊರಲ್ಲಿ ಒಂದೇ ಒಂದು ಮುಸ್ಲಿಂ ಮನೆ ಇರಲಿಲ್ಲ. ಮೊಹರಂ ಮಾತ್ರ ಊರ ಹಬ್ಬ. ನಮ್ಮ ಕಡೆ ಇಂಥ ಊರುಗಳು ಬಹಳ, ನಿಮ್ಮಲ್ಲಿ ಅರ್ಧ ಜನ ಇಂಥ ಊರಿನವರೇ ಇದ್ದೀರಿ. ಮುದಗಲ್ಲಿನ ಮೊಹರಂಗೆ, ಹುಸೇನಿ ಆಲಂ ನೋಡಲು, ಆಂಧ್ರ, ಮಹಾರಾಷ್ಟ್ರದಿಂದಲೂ ಜನ ಬರುವುದು ನಿಮಗೆ ಗೊತ್ತೇ ಇದೆ. ನಮ್ಮೂರಲ್ಲಿ ಹಿಂದಿನ ದಿನವೇ ಬೆಂಕಿ ಹಾಕುವ ಅಲಾಯಿ ಕುಣಿ ತೆಗೆದು ಕಟ್ಟಿಗೆ ಒಟ್ಟುತ್ತಿದ್ದರು. ಅಜ್ಜಿ ಆ ದಿನ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಗೋಧಿ ಹಿಟ್ಟು ಬೆಲ್ಲದ ಚೋಂಗೆ ಮಾಡಿ, ಸಕ್ಕರೆ ಊದಿನಕಡ್ಡಿ ತಟ್ಟೆಯಲ್ಲಿಟ್ಟುಕೊಂಡು ಹೊರಡುತ್ತಿದ್ದಳು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹಸ್ತದ ಆಕಾರದ ಪಂಜಾ ಹೊತ್ತವರು ಓಣಿಗೆ ಬಂದಾಗ ತಂಬಿಗೆಯ ನೀರನ್ನು ಅವರ ಕಾಲಿಗೆ ಹಾಕುತ್ತಿದ್ದಳು, ಅದೇ ನೀರನ್ನು ಬೊಗಸೆಯಲ್ಲಿ ಹಿಡಿದು ನಮ್ಮ ತಲೆಗೆ ಚಿಮುಕಿಸುತ್ತಿದ್ದಳು. ನನಗೆ ಎಂಟೋ ಒಂಬತ್ತೋ ವರ್ಷ. "ಯಮ್ಮಾ, ನೀರು ಯಾಕ ಹಾಕ್ತಿ?" ಅಂತ ಕೇಳಿದೆ. ಅಜ್ಜಿ ಹೇಳಿದಳು: "ಅವರ ಕೂಸುಗಳು ನೀರಿಲ್ದ ಸತ್ತಾವಂತ ನನ ಮಗಳ."

ಆಕೆಗೆ ಕರ್ಬಲಾ ಎಲ್ಲಿದೆ ಅಂತ ಗೊತ್ತಿರಲಿಲ್ಲ. 680ರಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನು, ಅವರ ಮನೆಯವರನ್ನು ಯೂಫ್ರೆಟಿಸ್ ನದಿಯ ನೀರು ಮುಟ್ಟದಂತೆ ತಡೆದು ಕೊಂದ ಚರಿತ್ರೆ ಗೊತ್ತಿರಲಿಲ್ಲ. ಶಿಯಾ, ಸುನ್ನಿ ಎಂಬ ಪದಗಳನ್ನು ಆಕೆ ಕೇಳಿರಲಿಲ್ಲ. ನೀರಿಲ್ಲದೆ ಕೂಸು ಸಾಯುವುದು ಎಂದರೆ ಏನು ಎಂಬುದು ಮಾತ್ರ ನಮ್ಮ ಸೀಮೆಯ ಯಾವ ಹೆಣ್ಣುಮಗಳಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಹಳ್ಳದ ಮರಳು ತೋಡಿ ಒರತೆಗೆ ಕಾದವಳು ಆಕೆ. ಸಾವಿರದ ಮುನ್ನೂರು ವರ್ಷ ಹಿಂದಿನ, ಸಾವಿರಾರು ಮೈಲಿ ದೂರದ ದಾಹಕ್ಕೆ ಆಕೆ ತಂಬಿಗೆ ಎತ್ತಿದಳು. ಯಾರ ದೇವರು ಎಂಬುದನ್ನು ಮರೆತಿದ್ದಳು, ಯಾರ ದಾಹ ಎಂಬುದನ್ನು ಮರೆತಿರಲಿಲ್ಲ. ಅಧ್ಯಾತ್ಮ ಅಂದರೇನು ಅಂತ ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ತಂಬಿಗೆ.

ಈಚೆಗೆ ಅದು ನಮ್ಮ ಹಬ್ಬವಲ್ಲ ಅಂತ ಹೇಳುವವರು ಇದ್ದಾರೆ. ಹೀಗೆ ಮಾಡುವುದು ನಮ್ಮ ಧರ್ಮಕ್ಕೆ ಸರಿಯಲ್ಲ ಅಂತ ಆ ಕಡೆಯವರೂ ಹೇಳುತ್ತಾರೆ. ಎರಡೂ ಕಡೆಯವರು ಪುಸ್ತಕ ಓದಿದವರು. ಅಜ್ಜಿ ಇದ್ದಿದ್ದರೆ ಇಬ್ಬರ ಮಾತೂ ಆಕೆಗೆ ತಿಳಿಯುತ್ತಿರಲಿಲ್ಲ.

ಈಗ ಹುಡುಗರಿಗೆ ಒಂದು ಮಾತು. ನಿಮ್ಮಲ್ಲಿ ಒಬ್ಬರು ಕಾರ್ಯಕ್ರಮಕ್ಕೆ ಮೊದಲು ನನ್ನ ಹತ್ತಿರ ಬಂದು, "ಮೇಡಂ, ನನಗ ಗುಡಿ-ಗುಂಡಾರ ನಂಬಿಕಿಲ್ಲ, ನಾನು ಆಧ್ಯಾತ್ಮಿಕ ಅದೀನಿ" ಅಂದರು. ದಿನಾ ಬೆಳಿಗ್ಗೆ ಮೊಬೈಲ್ ಹಚ್ಚಿಕೊಂಡು ಹತ್ತು ನಿಮಿಷ ಉಸಿರು ನೋಡುತ್ತಾರಂತೆ. ಒಳ್ಳೆಯದು. ಉಸಿರು ನೋಡುವುದರಿಂದ ಕೋಪ ಇಳಿಯುತ್ತಿದ್ದರೆ ಬಿಡಬೇಡಿ. ಆದರೆ ಒಂದು ಕೇಳುತ್ತೇನೆ. ಆ ಮೊಬೈಲಿನ ಧ್ವನಿಯ ಹಿಂದೆಯೂ ಒಂದು ಸಂಸ್ಥೆ ಇದೆ, ಅದಕ್ಕೂ ತಿಂಗಳ ಚಂದಾ ಇದೆ, ಅದೂ ನೀವು ಎಷ್ಟು ದಿನ ಕೂತಿರಿ ಅಂತ ಎಣಿಸಿ ತೋರಿಸುತ್ತದೆ. ಎಣಿಕೆಯಿಂದ ತಪ್ಪಿಸಿಕೊಂಡಂತಾಯಿತೇನು?

ನಮ್ಮಪ್ಪ ತೀರಿಕೊಂಡದ್ದು ಶ್ರಾವಣದ ಜಡಿಮಳೆಯಲ್ಲಿ, ರಾತ್ರಿ ಹನ್ನೊಂದರ ಮೇಲೆ. ಕರೆಂಟ್ ಇರಲಿಲ್ಲ. ಯಾರಿಗೂ ಹೇಳಿ ಕಳಿಸುವ ಮೊದಲೇ ಓಣಿಯ ಭಜನಿ ಮೇಳದವರು ಗೋಣಿಚೀಲ ತಲೆಗೆ ಹಾಕಿಕೊಂಡು ಬಂದರು. ತಾಳ, ದಪ್ಪು, ಒಂದು ಏಕತಾರಿ. ಬೆಳತನಕ ಹಾಡಿದರು. ಅವ್ವ ಅವರ ಹಾಡಿನ ಸಂಗಡ ಅತ್ತಳು, ಹಾಡಿನ ಸಂಗಡವೇ ಸುಮ್ಮನಾದಳು. ಬೆಳಿಗ್ಗೆ ಕೆಸರಿನಲ್ಲಿ ನಾಲ್ಕು ಜನ ಹೆಗಲು ಕೊಟ್ಟರು. ಹೆಗಲು ಕೊಟ್ಟವರಲ್ಲಿ ಇಬ್ಬರ ಸಂಗಡ ಅಪ್ಪ ಬದುವಿನ ಜಗಳಕ್ಕೆ ಆರು ವರ್ಷ ಮಾತು ಬಿಟ್ಟಿದ್ದರು. ಆ ಮೇಳವೂ ಒಂದು ಸಂಘಟನೆಯೇ. ಸೋಮವಾರ ಕೂಡುವುದು, ತಪ್ಪಿದರೆ ತೆಂಗಿನಕಾಯಿ ದಂಡ, ಹಾಡಿನ ವಹಿ, ಎಲ್ಲಾ ಇತ್ತು. ಆ ನೇಮ ಇಲ್ಲದಿದ್ದರೆ ಆ ರಾತ್ರಿ ಅವರಿಗೆ ಅಷ್ಟು ಹಾಡು ಬಾಯಿಗೆ ಬರುತ್ತಿರಲಿಲ್ಲ. ಒಬ್ಬರೇ ಕೂತು ಉಸಿರು ನೋಡಬಹುದು. ಹೆಣಕ್ಕೆ ಮಾತ್ರ ನಾಲ್ಕು ಹೆಗಲು ಬೇಕು.

ಅದೇ ವರ್ಷದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಒಂದು ಗುಡಿಯ ಜೀರ್ಣೋದ್ಧಾರಕ್ಕೆ ಅಂತ ಬಂದವರು, ಹನ್ನೊಂದು ಸಾವಿರ ಕೊಟ್ಟರೆ ನಿಮ್ಮ ತಂದೆಯವರ ಹೆಸರನ್ನು ಗ್ರಾನೈಟಿನ ಮೇಲೆ ಕೆತ್ತಿಸುತ್ತೇವೆ ಅಂದರು. ಅಪ್ಪನ ನೆನಪು ಹಸಿಯಾಗಿತ್ತು, ಕೊಟ್ಟೆವು. ಕಲ್ಲು ನಿಂತಿತು. ಅಪ್ಪನ ಹೆಸರು ಮೇಲಿನಿಂದ ಹದಿನೇಳನೆಯದು. ದೊಡ್ಡಪ್ಪನ ಮಕ್ಕಳ ಹೆಸರು ಮೂರನೆಯದು. ಆ ಕಲ್ಲಿನ ಕಾರಣಕ್ಕೆ ನಮ್ಮ ಎರಡು ಮನೆಗಳ ನಡುವೆ ಎರಡು ವರ್ಷ ಹಬ್ಬದ ಎಡೆ ಓಡಾಡಲಿಲ್ಲ. ಕೆಸರಿನಲ್ಲಿ ಹೆಗಲು ಕೊಟ್ಟಾಗ ಒಂದು ಜಗಳ ಮರೆತುಹೋಗಿತ್ತು, ಗ್ರಾನೈಟ್ ಇನ್ನೊಂದನ್ನು ಹುಟ್ಟಿಸಿತು.

ಹೆಸರು ಕೆತ್ತುವುದರ ಮಾತು ಬಂತು, ಅದಕ್ಕೇ ನಾನು ಕೊಪ್ಪಳದ ಜಾತ್ರೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಗವಿಸಿದ್ಧೇಶ್ವರ ಜಾತ್ರೆ ಜನವರಿ ಹೊತ್ತಿಗೆ ಬರುತ್ತದೆ. ಗವಿಮಠ ದೊಡ್ಡ ಸಂಸ್ಥೆ. ಶಾಲೆ ಕಾಲೇಜು ಇದೆ, ವಸತಿನಿಲಯ ಇದೆ, ಕೊರೊನಾದ ಎರಡನೆಯ ಅಲೆಯಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿದ ಮಠ ಅದು. ತೇರು ಎಳೆದ ಮೇಲೂ ದಾಸೋಹ ಅಮಾವಾಸ್ಯೆಯ ತನಕ ನಡೆಯುತ್ತದೆ. ಆ ದಾಸೋಹದ ರೊಟ್ಟಿ ಮಠದಲ್ಲಿ ಬೇಯುವುದಿಲ್ಲ, ಊರೂರಲ್ಲಿ ಬೇಯುತ್ತದೆ.

ನಮ್ಮ ಚಿಗವ್ವ ಯಲಬುರ್ಗಾ ಕಡೆಯ ಹಳ್ಳಿಯಾಕೆ. ಒಂದು ವರ್ಷ ಸಂಕ್ರಾಂತಿಯ ಹೊತ್ತಿಗೆ ನಾನು ಅಲ್ಲಿದ್ದೆ. ಹೊಸ ಜೋಳ ಬೀಸಿಸಿಕೊಂಡು ಬಂದು, ಓಣಿಯ ಹೆಂಗಸರು ಊಟ ಮುಗಿಸಿ, ಒಂದೊಂದು ಮನೆಯ ಕಟ್ಟೆಯಲ್ಲಿ ಮೂರು ನಾಲ್ಕು ಒಲೆ ಹೂಡಿ ಕೂತರು. ಕುದಿನೀರು ಹಾಕಿ ಹಿಟ್ಟು ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಒದ್ದೆ ಬಟ್ಟೆಯಲ್ಲಿ ನೀರು ಸವರುವುದು. ಇಡೀ ಊರು ರೊಟ್ಟಿ ಬಡಿಯುವ ಸಪ್ಪಳ. ರೊಟ್ಟಿ ಒಣಗಿ ಕಡಕ್ ಆದ ಮೇಲೆ ಅಡುಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿಗೆ ಹೇರಿದರು. ಡೊಳ್ಳು ಬಾರಿಸುತ್ತ ಹೊರಟರು. ಎಲ್ಲ ಕಡೆಯಿಂದಲೂ ಹೀಗೆ ಬಂಡಿ, ಟ್ರ್ಯಾಕ್ಟರು, ತಲೆಯ ಮೇಲಿನ ಬುಟ್ಟಿ ಬಂದು ಕೂಡುತ್ತವೆ. ಮಠದ ದಾಸೋಹದ ಮನೆಯಲ್ಲಿ ರೊಟ್ಟಿಯನ್ನು ಗೋಡೆಯಂತೆ ಒಟ್ಟಿರುತ್ತಾರೆ. ಲಕ್ಷಗಟ್ಟಲೆ.

ಮನೆಯಲ್ಲಿ ಚಿಗವ್ವ ತನ್ನ ರೊಟ್ಟಿಯನ್ನು ನೂರರಲ್ಲಿ ಗುರುತು ಹಿಡಿಯುತ್ತಿದ್ದಳು. ಆಕೆಯ ಬಲಗೈ ಹೆಬ್ಬೆರಳು ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಸೊಟ್ಟಗಾಗಿತ್ತು, ಅಂಚಿನಲ್ಲಿ ಒಂದು ಕಡೆ ಸಣ್ಣ ತಗ್ಗು ಬೀಳುತ್ತಿತ್ತು. ಅಂದು ಆ ರಾಶಿಯ ಮುಂದೆ ನಿಂತು ನಾನು ಕೇಳಿದೆ, "ಚಿಗವ್ವಾ, ನಿನ್ನ ರೊಟ್ಟಿ ಯಾವು?" ಆಕೆ ಬಹಳ ಹೊತ್ತು ನೋಡಿದಳು. "ಯಾವೇ ಇರಲಿ ತಗಿ, ಇಲ್ಲೇ ಅದಾವು" ಅಂದಳು. ಆ ರಾಶಿಯಲ್ಲಿ ಗೌಡರ ಮನೆಯ ರೊಟ್ಟಿ ಇದೆ, ಕೇರಿಯ ರೊಟ್ಟಿ ಇದೆ, ಮುಸಲ್ಮಾನರ ಓಣಿಯ ರೊಟ್ಟಿ ಇದೆ. ಪಂಕ್ತಿಯಲ್ಲಿ ಕೂತ ಯಾರ ತಾಟಿಗೆ ಯಾರ ಕೈಯ ರೊಟ್ಟಿ ಬಿತ್ತು ಎಂಬುದನ್ನು ಯಾವ ಮಠಾಧಿಪತಿಯೂ ಹೇಳಲಾರ. ರೊಟ್ಟಿಯ ಮೇಲೆ ಹೆಸರು ಕೆತ್ತಲು ಬರುವುದಿಲ್ಲ.

ಆ ಜಾತ್ರೆಯನ್ನು ನಡೆಸಲು ಎಷ್ಟು ಲೆಕ್ಕ ಬೇಕು ಯೋಚಿಸಿ. ನೀರಿನ ಟ್ಯಾಂಕರ್, ಕೊಪ್ಪರಿಗೆ, ಮಾದಲಿಯ ಬೆಲ್ಲ, ಬಡಿಸುವವರ ಪಾಳಿ. ಎಲ್ಲವನ್ನೂ ಒಬ್ಬರು ನೆನಪಿಡಬೇಕು. ಸಂಸ್ಥೆ ಅಷ್ಟನ್ನೂ ನೆನಪಿಟ್ಟು ನಡೆಸುವುದರಿಂದ ಚಿಗವ್ವನಿಗೆ ತನ್ನ ರೊಟ್ಟಿ ಮರೆಯಲು ಆಯಿತು. ಮಠದ ಮೇಲಿನ ಬೆಟ್ಟದಲ್ಲೇ ಆ ಶಾಸನದ ಬಂಡೆ ಇದೆ, ಚಿಕ್ಕವರೂ ಮುಟ್ಟಬಲ್ಲರು ಅಂದ ಬಂಡೆ. ಚಿಗವ್ವ ಅದನ್ನು ಓದಿಲ್ಲ. ಒಂದು ಮಠ, ಒಂದು ಗುಡಿ, ಒಂದು ದರ್ಗಾ ಸರಿಯಾಗಿದೆಯೇ ಇಲ್ಲವೇ ಅಂತ ತಿಳಿಯಬೇಕಾದಾಗ ನಾನು ಈಗ ಇದನ್ನೇ ನೋಡುತ್ತೇನೆ: ಅಲ್ಲಿಗೆ ಹೋದ ಬಡವಿ ತನ್ನ ಜಾತಿಯನ್ನು, ತಾನು ಕೊಟ್ಟದ್ದನ್ನು ಮರೆತು ಕೂರಲು ಅಲ್ಲಿ ಜಾಗ ಇದೆಯೇ, ಅಥವಾ ಬಾಗಿಲಲ್ಲೇ ಆಕೆಗೆ ಅದನ್ನು ನೆನಪಿಸುತ್ತಾರೆಯೇ.

ಹೇಳಬೇಕಾದದ್ದನ್ನು ಹೇಳಿದ್ದೇನೆ, ಹೊತ್ತೂ ಆಗಿದೆ. ಮಾರಯ್ಯನ ಬಗ್ಗೆ ಇನ್ನೊಂದು ಕಥೆ ಇದೆ. ಒಮ್ಮೆ ಆತ ಅಲ್ಲಮಪ್ರಭುಗಳ ಸಂಗಡ ಅನುಭಾವದ ಮಾತಿನಲ್ಲಿ ಕೂತುಬಿಟ್ಟನಂತೆ. ಬಯಲು, ಶೂನ್ಯ, ದೊಡ್ಡ ದೊಡ್ಡ ಮಾತು. ಹೊತ್ತು ಏರಿದ್ದು ಗೊತ್ತಾಗಲಿಲ್ಲ. ಲಕ್ಕಮ್ಮ ಬಂದು ನಿಂತು, "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ" ಅಂದಳು. ಆತ ಎದ್ದು ಅಕ್ಕಿ ಆಯಲು ಹೋದ. ತಾಯಂದಿರು ಆಗಲೇ ಸೆರಗು ಸರಿ ಮಾಡಿಕೊಳ್ಳುತ್ತಿದ್ದೀರಿ, ಒಲೆ ಕಾಯುತ್ತಿರುತ್ತದೆ. ಮಸ್ಕಿ, ಮುದಗಲ್ಲಿನ ಬಸ್ಸು ಹಿಡಿಯುವವರೂ ಇದ್ದೀರಿ. ಏಳೋಣ. ಶರಣು.